ಜೀಪಿನ ಗಾರ್ಡೂ ಅತ್ತೆಯ ಸೀಟೂ

ದಸರೆಯ ದಿನ ಬಿಬವೇವಾಡಿಯ ನಮ್ಮ ಸೊಸೈಟಿಯ ಗೇಟಿಗೆ ಜೀಪು ಗುದ್ದಿದವನು ನಾನೇ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನವಿರುವುದು ಇಟ್ಟಿಗೆಯ ಬಗ್ಗೆ ಮಾತ್ರ.

ಜೀಪು ಮಾವನವರದು. ಅವರು ತೀರಿಕೊಂಡ ಮೇಲೆ ಅತ್ತೆ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದರು, ಅವರ ಹಿಂದೆ ಜೀಪೂ ಬಂತು. ಆ ದಿನ ಅತ್ತೆಯೇ ನಿಂತು ಪೂಜೆ ಮಾಡಿಸಿದ್ದರು. ಬಾನೆಟ್ಟಿಗೆ ಅರಿಸಿನ ಕುಂಕುಮ, ಮೂತಿಗೆ ಅಡ್ಡಲಾಗಿದ್ದ ಕಬ್ಬಿಣದ ಗಾರ್ಡಿಗೆ ಚೆಂಡುಹೂವಿನ ಮಾಲೆ, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು. ಗಾಡಿಯನ್ನು ಮೆಲ್ಲಗೆ ಅವುಗಳ ಮೇಲೆ ದಾಟಿಸುವುದಷ್ಟೇ ನನ್ನ ಕೆಲಸ. ಕ್ಲಚ್ ಬಿಟ್ಟೆ, ಗಾಡಿ ಕದಲಲಿಲ್ಲ. ಗಾಡಿ ಉರುಳದಿರಲೆಂದು ಯಾರೋ ಗಾಲಿಗೆ ಇಟ್ಟಿಗೆ ಕೊಟ್ಟಿದ್ದರು. ನಾನು ಆಕ್ಸಿಲರೇಟರ್ ಒತ್ತಿದೆ, ಜೀಪು ನೆಗೆದು ಗೇಟಿನ ಕಂಬಕ್ಕೆ ಹೋಗಿ ನಿಂತಿತು.

ಇದು ನನ್ನ ನೆನಪು. ಹೆಂಡತಿಯ ನೆನಪಿನಲ್ಲಿ ಇಟ್ಟಿಗೆಯಿಲ್ಲ, ಎಳೆದೇ ಇದ್ದ ಹ್ಯಾಂಡ್‌ಬ್ರೇಕ್ ಇದೆ. ವಾಚ್‌ಮನ್ ಪ್ರಕಾರ ಎರಡೂ ಇರಲಿಲ್ಲ, ಸಾಹೇಬರು ಸುಮ್ಮನೆ ಜೋರಾಗಿ ಬಂದರು. ಎಲ್ಲದಕ್ಕೂ ಸಾಕ್ಷ್ಯ ಕೇಳಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಮರುದಿನ ಇಟ್ಟಿಗೆ ಹುಡುಕಲು ಹೋದೆ. ಹೂವಿನ ಪಾತಿಯ ಸುತ್ತ ಇಟ್ಟಿಗೆಗಳೇ ಇದ್ದವು, ಎಲ್ಲವೂ ಒಂದೇ ತರಹ. ಹೆಂಡತಿ ಮೇಲಿನ ಬಾಲ್ಕನಿಯಿಂದ ಕೇಳಿದಳು: "ಲಿಂಬಿಹಣ್ಣು ಭಾಳ ಗಟ್ಟಿ ಇದ್ವೇನ್ರಿ?"

ಅತ್ತೆ ಮಾತ್ರ ಜೀಪು ಹತ್ತುವುದನ್ನೇ ಬಿಟ್ಟರು. ಅದೇ ಕಷ್ಟವಾದದ್ದು. ದೀಪಾವಳಿಯ ನಂತರ ಬೆಳಗಾವಿಯಲ್ಲಿ ಅವರ ತಂಗಿಯ ಮೊಮ್ಮಗಳ ಮದುವೆಯಿತ್ತು. ತವರಿನ ಕಡೆಯ ಯಾವ ಮದುವೆಗೂ ಅವರು ಜೀಪಿನ ಮುಂದಿನ ಸೀಟಿನಲ್ಲಿ ಕೂತೇ ಹೋದವರು. ಈ ಸಲವೂ ಹಾಗೇ ಎಂದು ತಿಂಗಳುಗಟ್ಟಲೆ ಹೇಳಿಕೊಂಡಿದ್ದರು. ಈಗ ಬಸ್ಸಿಗೆ ಹೋಗುತ್ತೇನೆ ಎಂದರು. ಬಸ್ಸು ಹತ್ತಿದರೆ ಕಾತ್ರಜ್ ಘಾಟಿನಲ್ಲೇ ಅವರಿಗೆ ವಾಂತಿ ಶುರುವಾಗುತ್ತದೆ. ಕಾರಣ ಕೇಳಿದರೆ, "ಪೂಜಿ ದಿನಾನ ಗುದ್ಯದ. ಕೂಡ್ಲಿಕ್ಕೆ ಮನಸ್ಸಾಗವಲ್ದು," ಎಂದರು.

ನಾನು ಶಕುನ ನಂಬುವವನಲ್ಲ, ಆದರೆ ವಾದಿಸಲಿಲ್ಲ. ಜೀಪನ್ನು ಹಡಪಸರದ ಗ್ಯಾರೇಜಿಗೆ ಒಯ್ದೆ. ಗಾರ್ಡಿನ ಎಡಭಾಗ ಒಳಗೆ ನುಗ್ಗಿ, ಹೆಡ್‌ಲೈಟು ಆಕಾಶ ನೋಡುತ್ತಿತ್ತು. ಗ್ಯಾರೇಜಿನವನು ಮರಾಠಿಯಲ್ಲಿ ಹೊಸ ಗಾರ್ಡಿನ ಗುಣಗಾನ ಮಾಡಿದ. ಫಳಫಳ ಹೊಳೆಯುವ ಅದೊಂದನ್ನು ಎತ್ತಿಯೂ ತೋರಿಸಿದ. ಹಳೆಯದನ್ನೇ ಸರಿಮಾಡು ಎಂದೆ. ಕ್ಯಾನ್ವಾಸಿನ ನೀರಿನ ಚೀಲ ತೂಗುಹಾಕಲೆಂದು ಮಾವನವರು ಅದಕ್ಕೊಂದು ಕೊಕ್ಕೆ ಬೆಸೆಸಿದ್ದರು. ಓಡುವ ಗಾಡಿಯ ಗಾಳಿಗೆ ಆ ನೀರು ತಣ್ಣಗಾಗುತ್ತಿತ್ತು.

ಗಾರ್ಡು ಬಿಚ್ಚಿ ನೆಲಕ್ಕೆ ಹಾಕಿದರು. ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಜಾಕು ಕೊಟ್ಟು ಹಿಗ್ಗಿಸಿ, ಬಡಿದು ನೇರ ಮಾಡಿದರು. ಆ ಬಡಿತಕ್ಕೆ ಕೊಕ್ಕೆ ಕಿತ್ತುಬಂತು. ತುಕ್ಕು, ಬಣ್ಣ, ಹಳೆಯ ಬೆಸುಗೆಗಳ ನಡುವೆ ಅದು ಎಲ್ಲಿತ್ತೆಂದು ನಾನು ನೋಡಿಟ್ಟುಕೊಂಡಿರಲಿಲ್ಲ, ಅವನೂ ನೋಡಿರಲಿಲ್ಲ. ಯಾವ ಕಡೆ ಬೆಸೆಯಲಿ ಎಂದು ಕೇಳಿದ.

ಎಡಕ್ಕೆ ಎಂದೆ ತಕ್ಷಣ. ಘಟ್ಟದ ತಿರುವಿನಲ್ಲಿ ನಿಂತ ಜೀಪು, ಎಡಗಡೆ ತೊಟ್ಟಿಕ್ಕುವ ಚೀಲ, ಪಕ್ಕದಲ್ಲಿ ಮಾವ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಇಟ್ಟಿಗೆಯೂ ಹೀಗೇ ಕಣ್ಣಿಗೆ ಕಟ್ಟಿದೆಯಲ್ಲ ಎಂದುಕೊಂಡು ಅತ್ತೆಗೆ ಫೋನ್ ಮಾಡಿದೆ. ಅವರು ಫೋನಿನಲ್ಲಿ ಉತ್ತರ ಹೇಳದೆ ರಿಕ್ಷಾ ಮಾಡಿಕೊಂಡು ಬಂದೇಬಿಟ್ಟರು.

ಗಾರ್ಡಿನ ಸುತ್ತ ಒಂದು ಸುತ್ತು ಬಂದರು. ಜೀಪಿನ ಬೋಳು ಮೂತಿಯನ್ನು ನೋಡಿದರು.

"ನನಗೂ ನೆನಪಿಲ್ಲ ನೋಡ್ರಿ. ನಾ ಒಳಗಽ ಕೂತಿರ್ತಿದ್ದೆ. ಅವರು ಇಳದು ಹೋಗಿ ನೀರು ತಂದು ಕೊಡ್ತಿದ್ರು."

"ಯಾವ ಕಡೆಯಿಂದ ಬರ್ತಿದ್ರು?"

"ತಡೀರಿ, ಕೂತು ನೋಡ್ತೀನಿ."

ಸೀರೆಯ ನೆರಿಗೆ ಹಿಡಿದು, ಮುಂದಿನ ಹಿಡಿಕೆಗೆ ಕೈಕೊಟ್ಟು ಹತ್ತಿ ಕೂತರು. ದಸರೆಯ ನಂತರ ಅದೇ ಮೊದಲು. ಗಾಜಿನಾಚೆ ದಿಟ್ಟಿಸಿದರು, ಬಾಗಿಲಿನ ಕಡೆ ತಿರುಗಿದರು, ಲೋಟ ಇಸಿದುಕೊಳ್ಳುವವರ ಹಾಗೆ ಕೈ ಸ್ವಲ್ಪ ಮುಂದೆ ಬಂತು. ಇದರಿಂದ ಸಿದ್ಧವಾದದ್ದೇನೂ ಇಲ್ಲ. ಕೊಕ್ಕೆ ಎಲ್ಲಿದ್ದರೂ ಮಾವ ಕೊನೆಗೆ ಬರಬೇಕಾದದ್ದು ಆ ಬಾಗಿಲಿಗೇ. ನಾನು ಹಾಗೆ ಹೇಳಲು ಹೋಗಲಿಲ್ಲ.

ಅತ್ತೆ ಇಳಿಯಲೂ ಇಲ್ಲ. ಸುತ್ತಿಗೆಯ ಸದ್ದಿನ ನಡುವೆ ಕೂತೇ ಇದ್ದು, ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ನನ್ನನ್ನು ಕರೆದರು.

"ಎಡಕ್ಕಽ ಹಚ್ಚಂತ ಹೇಳ್ರಿ ಅವಗ. ಹಾದ್ಯಾಗ ನನಗ ನೀರು ತಂದು ಕೊಡ್ಲಿಕ್ಕೆ ನಿಮಗೂ ಸಲೀಸಾಗ್ತದ."

ನಾನು ಅದನ್ನು ಗ್ಯಾರೇಜಿನವನಿಗೆ ಮರಾಠಿಯಲ್ಲಿ ಹೇಳಿ, ಗಟ್ಟಿಯಾಗಿ ಬೆಸೆ, ದೂರ ಹೋಗಬೇಕಿದೆ ಎಂದೆ.