ಹನ್ನೊಂದರೊಳಗೆ ಮುಚ್ಚುವ ಹೂ

ಫೆಬ್ರುವರಿಯ ಬೆಳಗಿನ ಆರೂವರೆ. ಮುತ್ತಿನಕೊಪ್ಪದ ಮಲ್ಲೇಶಪ್ಪನವರ ತೋಟದಲ್ಲಿ ಗಿರಿಯಮ್ಮ ಎದೆಮಟ್ಟಕ್ಕೆ ಇಳಿಬಿಟ್ಟ ವೆನಿಲಾ ಬಳ್ಳಿಯ ಮುಂದೆ ನಿಂತಿದ್ದಾರೆ. ಎಡಗೈಯಲ್ಲಿ ತಿಳಿಹಳದಿ ಹೂ, ಬಲಗೈಯಲ್ಲಿ ನಿಂಬೆ ಮುಳ್ಳು. ದಳ ಸೀಳಿ, ಒಳಗಿನ ತೆಳು ಪೊರೆಯನ್ನು ಮುಳ್ಳಿನಿಂದ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಾರೆ. ಪರಾಗ ಅಂಟಿತು. ಕೈ ಆಗಲೇ ಮುಂದಿನ ಹೂವಿನ ಮೇಲಿದೆ.

ಇಲ್ಲಿನವರು ಇದಕ್ಕೆ ಹೂ ಮುಟ್ಟಿಸೋದು ಅನ್ನುತ್ತಾರೆ. ಬೆಳಗ್ಗೆ ಅರಳಿದ ಹೂ ಹನ್ನೊಂದರೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮುಟ್ಟಿಸಿದರೆ ಕಾಯಿ, ಇಲ್ಲದಿದ್ದರೆ ಮರುದಿನ ನೆಲದ ಮೇಲೆ. ಈ ಬಳ್ಳಿಯ ತವರಿನಲ್ಲಿ ಆ ಕೆಲಸಕ್ಕೆ ದುಂಬಿ ಇದೆಯಂತೆ, ನಮ್ಮಲ್ಲಿಲ್ಲ. "ದುಂಬಿಗೆ ಕೂಲಿ ಇಲ್ಲ, ನಮಗಾದ್ರೂ ಉಂಟಲ್ಲ ಮಾರಾಯ್ತಿ" ಎಂದು ಪಕ್ಕದ ಸಾಲಿನಿಂದ ಪ್ರೇಮಕ್ಕ ನಗಾಡುತ್ತಾರೆ. ಆದರೆ ಇವತ್ತು ಆ ನಗು ಸಾಲು ದಾಟಿ ಹೋಗುವುದಿಲ್ಲ.

ಕಾರಣ ಮನೆಯೊಳಗಿನ ಫೋನು. ಕಾಯಿ ಕೊಳ್ಳುವ ಕೊಪ್ಪದ ವ್ಯಾಪಾರಿ ಹತ್ತು ಗಂಟೆಗೆ ಮಾಡುತ್ತೇನೆಂದಿದ್ದಾನೆ. ಅವನು ಕಾಯಿ ಬೇಡವೆಂದರೆ ಕೆಲಸ ಇವತ್ತಿಗೇ ಕೊನೆ, ಬಳ್ಳಿ ಕಿತ್ತು ಕಾಳುಮೆಣಸು ಹಬ್ಬಿಸುತ್ತೇನೆ ಎಂದು ಮಲ್ಲೇಶಪ್ಪ ನಿನ್ನೆ ಸಂಜೆಯೇ ಹೇಳಿದ್ದಾರೆ. ಅಡಿಕೆ ಕೊಯ್ಲು ಮುಗಿದಿದೆ, ಮಳೆಗಾಲ ದೂರವಿದೆ. ನಡುವಿನ ಈ ಎರಡು ತಿಂಗಳ ಕೂಲಿಯಲ್ಲೇ ಗಿರಿಯಮ್ಮನವರ ಮಗಳು ಮೇಘನ ಬಾಳಗಡಿಯ ಕಾಲೇಜಿಗೆ ಹೋಗುತ್ತಾಳೆ, ಹಾಸ್ಟೆಲಿನಲ್ಲಿ ಉಣ್ಣುತ್ತಾಳೆ.

ಈ ಕೆಲಸ ಊರಿಗೆ ಬಂದದ್ದು ಒಂದು ಗಾಳಿಯಿಂದ. ಐದು ವರ್ಷದ ಹಿಂದೆ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲಿ ಚಂಡಮಾರುತಕ್ಕೆ ವೆನಿಲಾ ತೋಟಗಳು ಮಲಗಿದವು. ಬೆನ್ನಿಗೇ ಅಲ್ಲಿ ಚುನಾವಣೆಯ ಜಗಳ, ರಸ್ತೆ ಬಂದ್. ಇಲ್ಲಿ ಹಸಿಕಾಯಿಗೆ ಬಂಗಾರದ ಬೆಲೆ ಬಂತು. ಬಳ್ಳಿಗೆ ಕಾವಲು ಕೂತರು, ನಾಯಿ ತಂದರು. ಈಗ ಅಲ್ಲಿ ಬಳ್ಳಿ ಮತ್ತೆ ಹಬ್ಬಿದೆ. ದುಬಾರಿ ಕಾಲದಲ್ಲಿ ಕಾರ್ಖಾನೆಯ ಎಸೆನ್ಸಿಗೆ ಹೊರಳಿದ ಐಸ್‌ಕ್ರೀಮಿನವರು ತಿರುಗಿ ಬಂದಿಲ್ಲ. ಇಲ್ಲಿ ಬೆಲೆ ಬಿದ್ದಿದೆ. ಮಲ್ಲೇಶಪ್ಪನವರ ಕಾವಲು ನಾಯಿ ಈಗ ಕೊಟ್ಟಿಗೆಯ ಬಾಗಿಲಲ್ಲಿ ನಿದ್ದೆ ಮಾಡುತ್ತದೆ.

ಇದನ್ನೆಲ್ಲ ಮಗಳ ಬಾಯಿಂದ ಕೇಳಿ ತಿಳಿದಿದ್ದಾರೆ ಗಿರಿಯಮ್ಮ. "ಅಲ್ಲಿ ಗಾಳಿ ಬಂದ್ರೆ ಇಲ್ಲಿ ನಂಗೆ ಕೆಲಸ. ಅಲ್ಲಿ ಬಳ್ಳಿ ಚಿಗುರಿದ್ರೆ ನಂಗೆ ರಜ. ಹಂಗಂತ ಅವ್ರಿಗೆ ಕೆಟ್ಟದಾಗ್ಲಿ ಅನ್ನೋಕಾಗ್ತದಾ? ಅಲ್ಲೂ ನನ್ನಂಥವ್ಳೇ ಒಬ್ಳು ಮುಳ್ಳು ಹಿಡ್ಕೊಂಡು ನಿಂತಿರ್ತಾಳೆ."

ಕೆಲಸ ಕಲಿತದ್ದು ಶೃಂಗೇರಿ ಹತ್ತಿರದ ಮೆಣಸೆಯ ತೋಟವೊಂದರಲ್ಲಿ, ಎರಡು ದಿನ. ಮೊದಲ ದಿನ ಮುಟ್ಟಿಸಿದ ನೂರರಲ್ಲಿ ಅರವತ್ತು ಉದುರಿದವಂತೆ. ಈಗ ಒಂದು ಬೆಳಗಿಗೆ ಸಾವಿರದ ಮೇಲೆ. ಈ ತೋಟದ ಉಳಿದ ನಾಲ್ವರಿಗೂ ಅವರೇ ಕಲಿಸಿದ್ದು.

ಗೊಂಚಲಿಗೆ ಎಂಟೇ ಕಾಯಿ ಎಂಬುದು ಅವರ ಲೆಕ್ಕ. ಎಂಟು ಕಟ್ಟಿದ ಮೇಲೆ ಉಳಿದ ಮೊಗ್ಗು ಚಿವುಟುತ್ತಾರೆ. ಎರಡು ವರ್ಷದ ಹಿಂದೆ, ಬೆಲೆ ತುದಿಯಲ್ಲಿದ್ದಾಗ, ಒಂದು ಹೂವನ್ನೂ ಬಿಡಬೇಡಿ ಎಂದರು ಮಲ್ಲೇಶಪ್ಪ. ಗಿರಿಯಮ್ಮ ಒಪ್ಪಲಿಲ್ಲ. ಮಲ್ಲೇಶಪ್ಪನವರದೇ ಮೇಲಿನ ತೋಟಕ್ಕೆ ಬೇರೆಯವರು ಬಂದರು, ಗೊಂಚಲಿಗೆ ಇಪ್ಪತ್ತು ಕಾಯಿ ಕಟ್ಟಿಸಿದರು. ಮರುವರ್ಷ ಅಲ್ಲಿನ ಬಳ್ಳಿ ಸೊರಗಿ, ಬುಡ ಕೊಳೆತು ಹೋಯಿತು. ಉಳಿದಿರುವುದು ಗಿರಿಯಮ್ಮ ಮುಟ್ಟಿಸಿದ ಈ ಕೆಳಗಿನ ತೋಟ ಮಾತ್ರ. "ಆಸೆಗೆ ಬಿದ್ದೆ" ಎಂದು ಮಲ್ಲೇಶಪ್ಪನವರೇ ಈಗ ಹೇಳುತ್ತಾರೆ, ಬೇರೆ ಕಡೆ ನೋಡುತ್ತಾ.

ಹತ್ತು ದಾಟುತ್ತದೆ. ಫೋನಿಲ್ಲ. ಬಿಸಿಲು ಏರಿದಂತೆ ಹೂವಿನ ತುದಿ ಮೆತ್ತಗಾಗುತ್ತಿದೆ. ಹತ್ತೂಕಾಲಿಗೆ ಮನೆಯೊಳಗೆ ಫೋನಿನ ಗಂಟೆ ಬಡಿಯುತ್ತದೆ, ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮಲ್ಲೇಶಪ್ಪ ಇಳಿದು ಬಂದು ಸಾಲಿನ ತುದಿಯಲ್ಲಿ ನಿಲ್ಲುತ್ತಾರೆ. ವ್ಯಾಪಾರಿಗೆ ಈ ವರ್ಷದ ಕಾಯಿ ಬೇಡ. ಸಾಕು ಮಾಡಿ, ಅರ್ಧ ದಿನದ ಕೂಲಿ ಕೊಡುತ್ತೇನೆ ಎನ್ನುತ್ತಾರೆ. ನಾಲ್ವರ ಕೈ ನಿಲ್ಲುತ್ತದೆ. ಗಿರಿಯಮ್ಮನವರದು ನಿಲ್ಲುವುದಿಲ್ಲ.

"ಕಾಯಿ ಯಾರಿಗೆ ಗಿರಿಯಮ್ಮ?"

"ಕಾಯಿ ಬಲಿಯೋಕೆ ಒಂಬತ್ತು ತಿಂಗಳು ಬೇಕು ಮಲ್ಲೇಶಣ್ಣ. ಅವ್ನು ಹೇಳಿದ್ದು ಇವತ್ತಿನ ಮಾತು. ಅಷ್ಟರಲ್ಲಿ ಆ ದ್ವೀಪದಲ್ಲಿ ಎಂತ ಆಗ್ತದೋ ಅವ್ನಿಗೆ ಗೊತ್ತಾ, ನಿಮಗೆ ಗೊತ್ತಾ? ಇವತ್ತು ಬಿಟ್ರೆ ಆಗ ಮುಟ್ಟಿಸೋಕೆ ಹೂ ಎಲ್ಲಿಂದ ತರ್ತೀರಿ?"

ಮಲ್ಲೇಶಪ್ಪ ಮೇಲಿನ ತೋಟದ ಬೋಳು ಕಂಬಗಳ ಕಡೆ ಒಮ್ಮೆ ನೋಡುತ್ತಾರೆ. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇದೆ. ಎಲ್ಲ ಸಾಲು ಆಗುವುದಿಲ್ಲ, ನಿನ್ನ ಎರಡು ಸಾಲು ಇರಲಿ, ಹೂ ಮುಗಿಯುವ ತನಕ ನೀನೊಬ್ಬಳು ಬಾ ಎನ್ನುತ್ತಾರೆ.

"ಪ್ರೇಮಕ್ಕನೂ ಬರ್ಲಿ. ಇಬ್ರಿಗೂ ಪೂರ್ತಿ ಕೂಲಿ. ಅರ್ಧ ದಿನಕ್ಕೆ ಅರಳೋ ಹೂ ಅಲ್ಲ ಇದು."

ಪ್ರೇಮಕ್ಕ ಮತ್ತೆ ಮುಳ್ಳು ಹಿಡಿಯುತ್ತಾರೆ. ಮಲ್ಲೇಶಪ್ಪ ತಡೆಯದೆ ಮನೆಯ ಕಡೆ ಹತ್ತುತ್ತಾರೆ. ಉಳಿದ ಮೂವರು ಬುತ್ತಿ ಎತ್ತಿಕೊಂಡು ಬಸ್ಸಿನ ದಾರಿ ಹಿಡಿಯುತ್ತಾರೆ. ಅವರು ಬಿಟ್ಟ ಸಾಲುಗಳಲ್ಲಿ ಹೂಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ಗಿರಿಯಮ್ಮ ಒಮ್ಮೆ ಅತ್ತ ನೋಡಿ, ಮತ್ತೆ ತಮ್ಮ ಬಳ್ಳಿಗೆ ತಿರುಗುತ್ತಾ, ಮೇಲೆ ಹತ್ತುತ್ತಿರುವ ಮಲ್ಲೇಶಪ್ಪನವರಿಗೆ ಕೇಳುವಂತೆ ಹೇಳುತ್ತಾರೆ.

"ನಾಳೆ ಬೆಳಗ್ಗೆ ಬಂದು ನೋಡಿ. ಆ ಕಡೆ ನೆಲ ಎಲ್ಲ ಹಳದಿ ಆಗಿರ್ತದೆ. ಈ ಸಾಲಲ್ಲಿ ನಾನು ಮುಟ್ಟಿದ್ದು ಒಂದೂ ಬಿದ್ದಿರಲ್ಲ."