ವ್ಯಾನಿನ ಬೆನ್ನ ಮೇಲಿನ ರಾಕ್ಷಸ

ಐವತ್ತು ವರ್ಷದ ಹಿಂದೆ ನಾನು ಚಿಕ್ಕವನಿದ್ದಾಗ ಅಮೆರಿಕದ ಷಾರ್ಲೆಟ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ನಮ್ಮತ್ತ ನೋಡಿ ಮುಗುಳ್ನಗುತ್ತಿರಲಿಲ್ಲ. ನ್ಯೂಯಾರ್ಕಿನ ಗೋಪುರಗಳು ಬಿದ್ದ ವರ್ಷ ಅದು. ಕಂದು ಮೈಯವರೆಲ್ಲ ಒಂದೇ ಎಂದುಕೊಂಡವರೇ ಜಾಸ್ತಿ. "ಈ ಸಲ ಆಯುಧಪೂಜೆ ಮನೆಯೊಳಗೇ ಮಾಡೋಣ" ಅಂತ ಅಕ್ಕ ಬೇಡಿಕೊಂಡಳು. "ವ್ಯಾನು ಮನೆಯೊಳಗೆ ಹಿಡಿಸುತ್ತದೇನೇ?" ಅಂದರು ಅಪ್ಪ. ಆ ವ್ಯಾನಿನಲ್ಲಿ ಮನೆಮನೆಗೆ ದಿನಸಿ ಹಾಕಿಯೇ ಅವರು ನಮ್ಮನ್ನು ಸಾಕುತ್ತಿದ್ದದ್ದು.

ವ್ಯಾನಿಗೆ ಕುಂಕುಮ, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು ಎಲ್ಲ ಆಯಿತು. ಬೂದುಗುಂಬಳ ಮಾತ್ರ ಸಿಗಲಿಲ್ಲ. ಹ್ಯಾಲೊವೀನಿಗೆಂದು ಅಂಗಡಿಯಲ್ಲಿ ರಾಶಿ ಹಾಕಿದ್ದ ಕೇಸರಿ ಕುಂಬಳವನ್ನೇ ಅಪ್ಪ ತಂದು, ಕೊರೆದು, ಕುಂಕುಮದ ನೀರು ತುಂಬಿ ಪಾರ್ಕಿಂಗ್ ಲಾಟಿನಲ್ಲಿ ಅಪ್ಪಳಿಸಿದರು. ಮೇಲಿನಿಂದ ಹೆಂಗಸೊಬ್ಬಳು "ರಕ್ತ! ರಕ್ತ!" ಎಂದು ಕಿರುಚಿದಳು. ಮ್ಯಾನೇಜರ್ ಓಡಿಬಂದ. "ಸಂಜೆಯೊಳಗೆ ಈ ಗಲೀಜು ಹೋಗಬೇಕು. ಇಲ್ಲದಿದ್ದರೆ ಕ್ರೇನ್ ಕರೆಸಿ ವ್ಯಾನ್ ಎಳೆಸಿಬಿಡ್ತೀನಿ. ಇದನ್ನೆಲ್ಲ ನಿಮ್ಮ ದೇಶದಲ್ಲಿ ಮಾಡ್ಕೊಳ್ಳಿ."

ಅಪ್ಪ ನೆಲ ತೊಳೆದರು, ಉಳಿದ ಕಲೆಯನ್ನು ಊಟ ಮುಗಿಸಿ ಬಂದು ತೊಳೆಯಲೆಂದು ಮೇಲೆ ಹೋದರು. ನಾನು ಒದ್ದೆ ಬಟ್ಟೆ ಹಿಡಿದು ವ್ಯಾನಿನ ಕುಂಕುಮ ಒರೆಸಲು ಹೊರಟೆ.

"ಒರೆಸಿಬಿಟ್ರೆ ಆ ಮ್ಯಾನೇಜರ್ ನಿನ್ನ ಫ್ರೆಂಡ್ ಆಗ್ತಾನಾ?"

ಪಕ್ಕದ ಮನೆಯ ಪೇಂಟರ್ ಅಂಕಲ್. ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಅಜ್ಜಿಯ ಕಡೆಯವರು ಮೆಕ್ಸಿಕೋದವರು. ಅಂಥವರಿಗಿರುವ ಹೆಸರು ಹಿಡಿದು "ನಾನು ಚಿಕಾನೋ" ಅಂತ ಎದೆ ತಟ್ಟಿ ಹೇಳುತ್ತಿದ್ದರು. ಅಪ್ಪನಿಗೆ ಅವರನ್ನು ಕಂಡರಾಗದು. ಶೋಕಿಗೆಂದು ನೆಲಕ್ಕೆ ತಗಲುವಂತೆ ತಗ್ಗಿಸಿದ್ದ ಅವರ ಕಾರಿನ ಬಾನೆಟ್ಟಿನ ಮೇಲೆ ಅವರೇ ಬರೆದ ಚಿತ್ರ: ಒಂದು ಹದ್ದು, ಜೋಳದ ಹೊಲ, ಹೊಲದಲ್ಲಿ ಬಾಗಿದ ಅವರ ಅಜ್ಜಿ, ಸುತ್ತ ನಮ್ಮದೇ ಚೆಂಡುಹೂವು!

"ನಮ್ಮ ವ್ಯಾನಿಗೂ ಹದ್ದು ಬರೆದುಕೊಡಿ. ನಿಮ್ಮ ಕಾರಿನ ಕ್ರೋಮ್ ಪಟ್ಟಿ ಎಲ್ಲಾ ಫಳಫಳ ಮಾಡಿಕೊಡ್ತೀನಿ" ಅಂದೆ.

"ಹದ್ದು ನಂದು. ನಿಂದೇನಿದೆ, ತಾ" ಎಂದು ಗದರಿದರು.

ನಂದೇನಿದೆ? ಓಡಿಹೋಗಿ ಅಜ್ಜನ ಫೋಟೋ ತಂದೆ. ಅಜ್ಜ ಲಾರಿ ಡ್ರೈವರ್. ಅವರ ಲಾರಿಯ ಹಿಂದೆ ದೃಷ್ಟಿಗೆಂದು ಕೋರೆಹಲ್ಲಿನ, ನಾಲಿಗೆ ಚಾಚಿದ ರಾಕ್ಷಸನ ಮುಖ. ಅಂಕಲ್ ಫೋಟೋವನ್ನು ಮೂಗಿಗೇ ಹಿಡಿದು ನೋಡಿ, "ಇಷ್ಟು ಹೊತ್ತು ಎಲ್ಲಿಟ್ಟಿದ್ಯೋ ಇವನನ್ನ?" ಅಂದವರೇ ಬಣ್ಣದ ಡಬ್ಬಿ ತೆರೆದರು. ನಾನು ಬೆರಳು ಸೋಲುವವರೆಗೆ ಕ್ರೋಮ್ ಉಜ್ಜಿದೆ. ಮಧ್ಯಾಹ್ನ ಕಳೆದು ಬಕೆಟ್ ಹಿಡಿದು ಬಂದ ಅಪ್ಪ ಬೈಯಲೆಂದು ಬಾಯಿ ತೆರೆದು, ವ್ಯಾನಿನ ಹಿಂಬಾಗಿಲ ಮೇಲೆ ತಮ್ಮಪ್ಪನ ರಾಕ್ಷಸನನ್ನು ಕಂಡು, ನನ್ನಿಂದ ಫೋಟೋ ಇಸಿದುಕೊಂಡು ಎರಡನ್ನೂ ಹೋಲಿಸಿ ನೋಡತೊಡಗಿದರು.

ಸಂಜೆ ಮ್ಯಾನೇಜರ್ ಬಂದ. "ಇದೇನು?"

ಅಪ್ಪ ಬಕೆಟ್ ಕೆಳಗಿಟ್ಟರು. "ನೆಲ ನಿಮ್ಮದು, ತೊಳೆದಿದ್ದೀನಿ. ವ್ಯಾನು ನಂದು. ಇದನ್ನು ಎಳೆಸೋದಾದ್ರೆ ಮೊದಲು ಆ ಚಿತ್ರದ ಕಾರು ಎಳೆಸಿ." ಅಂಕಲ್ ತಮ್ಮ ಬಾನೆಟ್ಟಿನ ಮೇಲೆ ಕೈಕಟ್ಟಿ ಕೂತರು. ಮ್ಯಾನೇಜರ್ ಇಬ್ಬರನ್ನೂ ದುರುಗುಟ್ಟಿ ನೋಡಿ ಹೊರಟುಹೋದ. ಆಮೇಲೂ ಅವನು ನಮಗೆ ಒಮ್ಮೆಯೂ ನಮಸ್ಕಾರ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮಕ್ಕಳೇ, ಚೌಕಾಸಿಗೆ ಕೂರುವ ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡಿಕೊಳ್ಳಿ, ಇನ್ನೊಬ್ಬರ ಹದ್ದು ಕೇಳಬೇಡಿ. ನಿಮ್ಮ ಕಾಲದ ಕಾರುಗಳೆಲ್ಲ ಬೂದಿ ಬಣ್ಣ, ಯಾವುದು ಯಾರದೋ ಗೊತ್ತಾಗುವುದಿಲ್ಲ. ನಿಮ್ಮ ಪೂಜೆಗೆ ಯಾರೂ ಕಿರುಚುವುದೂ ಇಲ್ಲ, ಸಂತೋಷ. ಹಳೆಯ ವ್ಯಾನಿನಿಂದ ಕಳಚಿ ನನ್ನ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ ಆ ಹಿಂಬಾಗಿಲು ನೋಡಿ ಮಾತ್ರ "ತಾತಾ, ಸ್ಕೇರಿ!" ಅಂತ ಓಡುತ್ತೀರಿ. ನೀವ್ಯಾಕೆ ಓಡಬೇಕು? ಅವನು ಹೆದರಿಸಲು ನಿಂತಿರುವುದು ಹೊರಗಿನವರನ್ನು.