ಸಾರಿಗೆ ಬೀಳದ ಹಲ್ಲಿ

ಆ ಸಾರಿಗೆ ಹಲ್ಲಿ ಬಿದ್ದಿರಲಿಲ್ಲ. ಬಿದ್ದಿದೆ ಎಂದು ಕೂಗಿದವಳು ನಾನು. ಕೂಗುವಾಗ, ಬಿದ್ದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಗಿಲಾಯಿತು. ಇಷ್ಟು ಸಣ್ಣ ಮಾತು ಬಾಯಿಂದ ಹೊರಗೆ ಬರಲು ಇಷ್ಟು ಕಾಲ ಹಿಡಿಯಿತು.

ಸಾರು ಹುರುಳಿ ಕಟ್ಟಿನದು. ಮಾಡಿದವಳು ನನ್ನ ವಾರಗಿತ್ತಿ ರತ್ನ, ಮೈದುನನ ಹೆಂಡತಿ. ಮನೆ ಹೊಣಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಹಿರಿಸೊಸೆ, ಪಾಂಡವಪುರದ ಪೇಟೆಯಲ್ಲಿ ಗ್ಯಾಸ್ ಒಲೆಯ ಮುಂದೆ ಬೆಳೆದವಳು. ಅವಳು ಶೀಳನೆರೆ ಕಡೆಯವಳು, ನನಗಿಂತ ಎಷ್ಟೋ ತಡವಾಗಿ ಆ ಮನೆಗೆ ಬಂದವಳು. ಬಂದ ವರ್ಷವೇ ನನ್ನನ್ನು ಅಕ್ಕಾ ಅಕ್ಕಾ ಎಂದು ಸೆರಗು ಹಿಡಿದು ಓಡಾಡಿದವಳು.

ಚಳಿಗಾಲದಲ್ಲಿ ನಮ್ಮ ಕಡೆಯ ಊಟದ ರುಚಿ ಗೊತ್ತಿಲ್ಲದವರಿಗೆ ನನ್ನ ಹೊಟ್ಟೆಕಿಚ್ಚೂ ಅರ್ಥವಾಗುವುದಿಲ್ಲ. ಅವರೆಕಾಯಿಗೆ ಸೊಗಡು ಇರುವಷ್ಟು ದಿನ ಹಿತ್ಕಿದ ಬೇಳೆ ಸಾರು. ಮಿಕ್ಕ ದಿನ ಹುರುಳಿ. ಹುರುಳಿಯನ್ನು ಬೇಯಿಸಿ ಬಸಿದ ನೀರೇ ಕಟ್ಟು. ಅದಕ್ಕೆ ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಹುಣಸೆ ಎಲ್ಲ ರುಬ್ಬಿ ಹಾಕಿ, ಮಣ್ಣಿನ ಮಡಕೆಯಲ್ಲಿ ಕುದಿಸಿ, ರಾತ್ರಿಯೆಲ್ಲ ಕೆಂಡದ ಮೇಲೆ ಬಿಟ್ಟರೆ ಬೆಳಗ್ಗೆಗೆ ಇನ್ನೊಂದು ರುಚಿ. ಬಿಸಿ ಮುದ್ದೆ ಮುರಿದು ಅದರಲ್ಲಿ ಹೊರಳಿಸಿ ನುಂಗಿದರೆ ಕಿವಿಯವರೆಗೂ ಬೆಚ್ಚಗಾಗುತ್ತದೆ. ರತ್ನ ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಕೆಂಡದಲ್ಲಿ ಸುಟ್ಟು, ಜಜ್ಜಿ ಹಾಕುತ್ತಿದ್ದಳು. ಮುಚ್ಚುಮರೆಯಿಲ್ಲದೆ ನನಗೂ ತೋರಿಸಿಕೊಟ್ಟಳು. ನಾನೂ ಹಾಗೇ ಸುಟ್ಟೆ, ಹಾಗೇ ಜಜ್ಜಿದೆ. ಆ ರುಚಿ ಬರಲಿಲ್ಲ.

ಅತ್ತೆ ತೀರಿಕೊಂಡ ವರ್ಷ ಅದು. ಒಲೆ ಇನ್ನು ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿರಿಯಳು ನಾನಲ್ಲವೇ, ನನ್ನದೇ ಎಂದುಕೊಂಡಿದ್ದೆ. ಧನುರ್ಮಾಸದಲ್ಲಿ ರಾಗಿಯ ಕಣ ಶುರುವಾಯಿತು. ಆಗಿನ್ನೂ ಎತ್ತು ಕಟ್ಟಿ ರೋಣಗಲ್ಲು ಹೊಡೆದು ರಾಗಿ ಬಿಡಿಸುವ ಕಾಲ. ಇವತ್ತು ಇವರ ಕಣಕ್ಕೆ, ನಾಳೆ ಅವರ ಕಣಕ್ಕೆ ಎಂದು ಊರಿನವರೇ ಬಂದು ದುಡಿಯುತ್ತಿದ್ದರು. ಅವರಿಗೆ ಕೂಲಿ ಕೊಡುವ ಪದ್ಧತಿಯಿಲ್ಲ. ಊಟ ಮಾತ್ರ ಘನವಾಗಿ ಇರಬೇಕು. ಮೊದಲ ದಿನ ಮುದ್ದೆ ತೊಳಸಿದವಳು ನಾನು, ಸಾರು ಮಾಡಿದವಳು ರತ್ನ. ಉಣ್ಣುತ್ತಿದ್ದ ಮಾವ ಎಲ್ಲರ ಎದುರಿಗೂ ಕೈ ನೆಕ್ಕಿಕೊಂಡು ರತ್ನಳಿಗೆ ಹೇಳಿದರು:

"ನಿಮ್ಮತ್ತೆ ಕೈಯೇ ಬಂದ್ಬುಟ್ಟದೆ ಕಣವ್ವ ನಿಂಗೆ. ಇನ್ಮ್ಯಾಕೆ ಕಣದ ಸಾರು ನಿಂದೇ."

ಮುದ್ದೆಯ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಷ್ಟು ವರ್ಷ ಅದೇ ಮಾವನಿಗೆ ಬೇಯಿಸಿ ಹಾಕಿದ್ದೆ, ಒಂದು ದಿನ ಉಪ್ಪು ಸರಿಯಾಗಿದೆ ಎಂದವರಲ್ಲ. ರತ್ನ ನಾಚಿಕೊಂಡು ನನ್ನ ಕಡೆ ನೋಡಿ ನಕ್ಕಳು. ಅವಳಿಗೆ ನನ್ನ ಜೊತೆ ಹಂಚಿಕೊಂಡು ನಗಬೇಕಿತ್ತು ಅಷ್ಟೆ. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ಬೆಳಗ್ಗೆ ಮಂಜು ಇಳಿದಿತ್ತು. ಕಣಕ್ಕೆ ಇಳಿಯುವ ಮೊದಲು ಚಳಿ ಬಿಡಲೆಂದು ಗಂಡಸರೆಲ್ಲ ಒಂದೊಂದು ಲೋಟ ಬಿಸಿ ಸಾರು ಕುಡಿದು ಹೋಗಿದ್ದರು. ಮಿಕ್ಕ ಸಾರು ಮಧ್ಯಾಹ್ನದ ಊಟಕ್ಕೆಂದು ಒಲೆಯ ಮೇಲಿತ್ತು. ರತ್ನ ಕರಿಬೇವು ಕಿತ್ತು ತರಲು ಹಿತ್ತಿಲಿಗೆ ಹೋದಳು. ಹೋಗುವಾಗ ಮಡಕೆಯ ಬಾಯಿ ಮುಚ್ಚಿ ಹೋದಳು. ಇದನ್ನು ಸ್ಪಷ್ಟವಾಗಿ ಹೇಳಬೇಕು — ಅವಳು ಮುಚ್ಚಿ ಹೋದಳು. ಮುಚ್ಚಳ ತೆಗೆದದ್ದು ನಾನು. ಸೌಟಿನಲ್ಲಿ ಒಂದಿಷ್ಟು ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಏನಾದರೂ ಕೊರೆ ಇದ್ದಿದ್ದರೆ, ಒಂದು ಕಲ್ಲು ಉಪ್ಪು ಹೆಚ್ಚಾಗಿದ್ದರೆ, ನನ್ನ ಮನಸ್ಸು ತಣ್ಣಗಾಗುತ್ತಿತ್ತೋ ಏನೋ. ಅಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದಕ್ಕೇ ಕೂಗಿದೆ.

"ಅಯ್ಯೋ, ಸಾರಿಗೆ ಹಲ್ಲಿ ಬಿದ್ದದೆ!"

ಯಾರಾದರೂ ಬಂದು ನೋಡುವ ಮೊದಲೇ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದೆ. ಆ ಒಂದು ಮಡಕೆ ಸಾರು ಹಾಳಾಗಲಿ, ಅವಳ ಹೆಸರು ಒಂದು ದಿನಕ್ಕೆ ಕೆಡಲಿ — ನಾನು ಬಯಸಿದ್ದು ಅಷ್ಟೇ. ಗಂಡಸರು ಆಗಲೇ ಕುಡಿದು ಹೋಗಿದ್ದಾರೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಮಾತು ಕಣಕ್ಕೆ ಮುಟ್ಟಿತು. ಮೊದಲು ಒಬ್ಬರು ವಾಂತಿ ಮಾಡಿದರು. ಅವರನ್ನು ನೋಡಿ ಇನ್ನೊಬ್ಬರು. ಆಮೇಲೆ ಸಾಲಾಗಿ, ರಾಗಿಯ ಮೆದೆ ಹಿಡಿದುಕೊಂಡು, ಎತ್ತಿನ ಕೊರಳು ಹಿಡಿದುಕೊಂಡು. ಮಾವನ ಕಣ್ಣು ಮೇಲಾಯಿತು. ವಿಷವಿಲ್ಲವೆಂದು ಬಲ್ಲವಳು ಇಡೀ ಊರಿನಲ್ಲಿ ನಾನೊಬ್ಬಳೇ — ಅವರನ್ನೆಲ್ಲ ನೋಡಿ ನಾನೂ ಗೋಡೆ ಹಿಡಿದು ವಾಂತಿ ಮಾಡಿದೆ. ಬರೀ ಹೆದರಿಕೆ ಮನುಷ್ಯನ ಹೊಟ್ಟೆಯನ್ನು ಹೇಗೆ ತೊಳಸುತ್ತದೆಂದು ಅವತ್ತು ಕಂಡೆ. ಎಲ್ಲರನ್ನೂ ಟ್ರಾಕ್ಟರಿನಲ್ಲಿ ನಾಗಮಂಗಲಕ್ಕೆ ಕರೆದುಕೊಂಡು ಹೋದರು. ಸಂಜೆಗೆಲ್ಲ ವಾಪಸು ಬಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಲ್ಲಿ ಬಿದ್ದದ್ದಕ್ಕೆ ಇನ್ನು ಯಾರಿಗೂ ಸಾಕ್ಷಿ ಬೇಕಿರಲಿಲ್ಲ.

ಟ್ರಾಕ್ಟರು ಹೊರಟ ಮೇಲೆ ರತ್ನ ಕರಿಬೇವಿನ ಗೊಂಚಲು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕೇಳಿದಳು:

"ನಾನು ಮುಚ್ಚಿರ್ಲಿಲ್ವಾ ಅಕ್ಕಾ?"

ಆಗ ಹೇಳಬಹುದಿತ್ತು. ಕಾಲು ಹಿಡಿದು ಹೇಳಬಹುದಿತ್ತು. ನಾನಂದೆ, "ಅರ್ಧ ತೆಗ್ದೇ ಇತ್ತು ಕಣೆ."

ಮೊದಲ ಸುಳ್ಳು ಸಿಟ್ಟಿನಲ್ಲಿ ಬಂದದ್ದು. ಇದು ಹಾಗಲ್ಲ. ಅವಳ ಕಣ್ಣು ನೋಡುತ್ತ, ಸಾವಧಾನವಾಗಿ ಹೇಳಿದ್ದು.

ಮಾವ ಬೈಯಲಿಲ್ಲ. "ಆಗ್ಲಿ ಬುಡವ್ವ" ಎಂದರು, ಆದರೆ ಆಮೇಲೆ ಅವಳು ಮಾಡಿದ್ದನ್ನು ಅವರು ಉಣ್ಣಲಿಲ್ಲ. ಮುಂದಿನ ವರ್ಷ ಕಣದಲ್ಲಿ ಅವಳಿಗೆ ನೀರು ಹೊರುವ ಕೆಲಸ. ಊರಿನ ಹೆಂಗಸರು ಒಬ್ಬರ ಮನೆಯಿಂದ ಒಬ್ಬರು ಸಾರು ಇಸಿದುಕೊಳ್ಳುವುದು ವಾಡಿಕೆ. ಅವಳು ಮಾಡಿದ ಸಾರಿಗೆ ಯಾರೂ ಬಟ್ಟಲು ಹಿಡಿದು ಬರಲಿಲ್ಲ. ಹಲ್ಲಿ ಸಾರಿನ ರತ್ನ ಎಂಬ ಹೆಸರು ನಿಂತಿತು. ಒಲೆ ನನ್ನದಾಯಿತು. ಕಣದ ದಿನ ಸಾರು ಮಾಡಿದೆ, ಬಡಿಸಿದೆ. ಕೂತರು, ಉಂಡರು, ಎದ್ದು ಹೋದರು. ಯಾರೂ ಕೈ ನೆಕ್ಕಲಿಲ್ಲ.

ಕೊನೆಗಾಲದಲ್ಲಿ ಮಾವ ಒಂದು ಚಳಿಯ ಸಂಜೆ, "ಆ ರತ್ನಿ ಮಾಡ್ತಿದ್ಲಲ್ಲ, ಅಂಥ ಸಾರು ವಸಿ…" ಎಂದು ಅರ್ಧಕ್ಕೇ ನಿಲ್ಲಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನಾನೇ ಮಾಡಿ ಕೊಟ್ಟೆ. "ಚೆನ್ನಾಗದೆ ಕಣವ್ವ" ಎಂದರು, ತಟ್ಟೆ ಪಕ್ಕಕ್ಕೆ ಸರಿಸಿದರು.

ಮೈದುನನಿಗೆ ಶ್ರೀರಂಗಪಟ್ಟಣದಲ್ಲಿ ಕೆಲಸ ಸಿಕ್ಕಿ ಅವರು ಅಲ್ಲೇ ಪಕ್ಕದ ಗಂಜಾಮಿಗೆ ಹೋಗಿ ಬಹಳ ಕಾಲವಾಯಿತು. ಕಳೆದ ಧನುರ್ಮಾಸದಲ್ಲಿ, ಇನ್ನು ತಡೆಯಲಾರೆನೆನಿಸಿ, ಸೇರು ಹುರುಳಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಹೇಳಿಬಿಡುತ್ತೇನೆ, ಅವಳು ಉಗಿಯಲಿ, ಹೊಡೆಯಲಿ; ಆಮೇಲೆ ಒಂದು ಸಲ ಅವಳು ಸಾರು ಮಾಡಲಿ, ಉಂಡು ಬರುತ್ತೇನೆ ಎಂಬ ಆಸೆ.

ಅವಳ ಅಡುಗೆಮನೆಗೆ ಕಾಲಿಟ್ಟೆ. ಪ್ರತಿ ಪಾತ್ರೆಗೂ ಮುಚ್ಚಳ. ಪ್ರತಿ ಮುಚ್ಚಳದ ಮೇಲೂ ಹೊಳೆಯಿಂದ ಆರಿಸಿ ತಂದ ಗುಂಡುಕಲ್ಲು. ಕುಡಿಯುವ ನೀರಿನ ಚೊಂಬಿನ ಮೇಲೂ ಒಂದು ಪುಟ್ಟ ಕಲ್ಲು. ಅನ್ನ ಬಡಿಸುವ ಮೊದಲು ಪಾತ್ರೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು, ಸೌಟಿನಿಂದ ತಳ ಕೆದಕಿ ಇನ್ನೊಮ್ಮೆ ನೋಡಿದಳು. ಸಾರು ನೀರಿನಂತೆ ತಿಳಿಯಾಗಿತ್ತು. ತಳ ಕಾಣುವಂತೆ ಬೇಕೆಂದೇ ಹಾಗೆ ಮಾಡುತ್ತಾಳಂತೆ. ಹುರುಳಿಯ ಗಂಟನ್ನು ಬಿಚ್ಚಿ ನೋಡಿ, ಹಾಗೇ ಕಟ್ಟಿ ಕೊಟ್ಟಳು.

"ಇದ ವಾಪಸ್ ತಗೊಂಡೋಗಕ್ಕ. ಆ ಗಟ್ಟಿ ಸಾರಲ್ಲಿ ಏನ್ ಬಿದ್ರೂ ಕಾಣಕಿಲ್ಲ."

ಆಗ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಮಾವನ ಮಾತು, ನನ್ನ ಉರಿ, ಅವಳು ಮುಚ್ಚಿದ್ದು, ನಾನು ತೆಗೆದದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

"ಯಾಕಕ್ಕ ಇಂಗಂತೀಯೆ? ನಾನೂ ನೋಡಿದ್ನಲ್ಲ. ನೀನು ಮಡಕೆ ಎತ್ಕೊಂಡೋಗುವಾಗ ಬಾಲ ಕಾಣ್ತಿತ್ತು. ಕರ್ರಗಿತ್ತು. ವಸಿ ಅಲ್ಲಾಡ್ತಾನೂ ಇತ್ತು."

"ಇರ್ಲಿಲ್ಲ ಕಣೆ ರತ್ನ. ದೇವರಾಣೆ ಇರ್ಲಿಲ್ಲ."

"ಆಣೆ ಇಕ್ಬೇಡ ಸುಮ್ನಿರು. ನನ್ ತಪ್ಪ ನಿನ್ ತಲೆ ಮ್ಯಾಲೆ ಎಳ್ಕೋಬ್ಯಾಡ. ಮುಚ್ಚದೆ ಓಗಿದ್ದು ನಾನೇ ಕಣಕ್ಕ, ಇವತ್ತಿಗೂ ನಂಗೆ ಕಣ್ಗೆ ಕಟ್ಟಿದಂಗದೆ."

ಎಷ್ಟು ಸಲ ಹೇಳಿದರೂ ಅಷ್ಟೇ. ನಾನು ಒತ್ತಿ ಹೇಳಿದಷ್ಟೂ ಅವಳ ಮುಖದಲ್ಲಿ ನನ್ನ ಮೇಲೆ ಪ್ರೀತಿ ಹೆಚ್ಚುತ್ತ ಹೋಯಿತು. ನಾನು ಇಲ್ಲದ ಹಲ್ಲಿಯನ್ನು ಒಂದು ಸಲ ಕೂಗಿದ್ದೆ. ಅವಳು ಇಷ್ಟು ವರ್ಷ ದಿನವೂ ಆ ಮಡಕೆಯೊಳಗೆ ಇಣುಕಿ ಇಣುಕಿ, ಕೊನೆಗೆ ಅದನ್ನು ಕಂಡೇಬಿಟ್ಟಿದ್ದಾಳೆ.

ಬಸ್ಸು ಹತ್ತಿಸಲು ಬಂದವಳು ದಾರಿಯಲ್ಲಿ ಸಿಕ್ಕ ಪಕ್ಕದ ಮನೆಯಾಕೆಗೆ ನನ್ನ ತೋಳು ಹಿಡಿದು ಹೇಳಿದಳು: "ನಮ್ಮಕ್ಕ ಇವ್ರು. ನನ್ ಮನ್ಸು ನೋಯ್ಬಾರ್ದು ಅಂತ, ತಪ್ಪೆಲ್ಲ ತಮ್ದೇ ಅಂತಾವ್ರೆ ಪಾಪ. ಇಂಥೋರು ಯಾರಿಗ್ ಸಿಕ್ತಾರೆ?"

ಆಕೆ ನನ್ನನ್ನು ಗೌರವದಿಂದ ನೋಡಿದರು. ಬಸ್ಸು ಬಂತು, ಹತ್ತಿದೆ. ಹುರುಳಿಯ ಗಂಟು ಮಡಿಲಲ್ಲೇ ಇತ್ತು.

ಇನ್ನು ನಾನು ಅವಳಿಗೆ ಹೇಳುವುದು ಏನೂ ಉಳಿದಿಲ್ಲ; ಹೇಳಿದರೆ ನನಗೆ ಇನ್ನಷ್ಟು ಒಳ್ಳೆಯ ಹೆಸರು ಬರುತ್ತದೆ, ಅಷ್ಟೆ. ಮುಚ್ಚಳ ಮುಚ್ಚಿತ್ತೆಂದು ಬಲ್ಲವಳು ನಾನೊಬ್ಬಳೇ. ನಾನು ಹೋದ ದಿನ ಆ ಸಾರಿಗೆ ಹಲ್ಲಿ ಬಿದ್ದದ್ದೇ ನಿಜವಾಗಿಬಿಡುತ್ತದೆ. ಅದಕ್ಕೇ ನಿಮಗೆ ಹೇಳಿದೆ. ನೀವಾದರೂ ನಂಬಿ — ಅವಳು ಮುಚ್ಚಿ ಹೋಗಿದ್ದಳು.